ಬಾಗಿಲ ಪಕ್ಕದ ಸೀಟು

ನಮ್ಮ ಮನೆಯ ಬೀರುವಿನಲ್ಲಿ ಹಸಿರು ಬಣ್ಣದ ಒಂದು ಫೈಲು ಇದೆ. ಅದರಲ್ಲಿ ನಾಲ್ಕು ಇಸಿಜಿ, ಒಂದು ಎಕೋ, ಎರಡು ಬಾರಿಯ ಥೈರಾಯ್ಡ್ ಪರೀಕ್ಷೆ ಮತ್ತು ಒಂದು ಎಂಡೋಸ್ಕೋಪಿಯ ವರದಿಗಳಿದ್ದು, ಎಲ್ಲವೂ ‘ನಾರ್ಮಲ್’ ಎಂದೇ ಹೇಳುತ್ತವೆ. 2022ರ ಆಗಸ್ಟಿನಿಂದ ಏಳು ತಿಂಗಳ ಒಳಗೆ ಇಷ್ಟನ್ನೂ ಮಾಡಿಸಿದ ನಾನು, ಪ್ರತಿ ವರದಿ ಕೈಗೆ ಬಂದಾಗಲೂ ಎರಡು ದಿನ ನೆಮ್ಮದಿಯಾಗಿದ್ದು, ಮೂರನೆಯ ದಿನ ‘ಯಂತ್ರದ ಕಣ್ಣಿಗೆ ಬೀಳದ ಕಾಯಿಲೆ ಇರಬಾರದೇಕೆ’ ಎಂದು ಮತ್ತೆ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ. ಹದಿನಾರು ವರ್ಷಗಳಿಂದ ರೈಲ್ವೆ ಪಾಸಿನಲ್ಲಿ ಓಡಾಡುತ್ತ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೊದಲ ಪ್ಯಾನಿಕ್ ಅಟ್ಯಾಕ್, ಎಂದರೆ ಇದ್ದಕ್ಕಿದ್ದಂತೆ ಏರಿಬರುವ ವಿಪರೀತ ಗಾಬರಿ, ಬಂದದ್ದು ಬೆಳಗಿನ ರೈಲು ಪಾಂಡವಪುರ ದಾಟಿ, ಶ್ರೀರಂಗಪಟ್ಟಣಕ್ಕೆ ಮುಂಚೆ ಸಿಗುವ ಕಾವೇರಿ ಸೇತುವೆಯ ಸಮೀಪ ಸಿಗ್ನಲ್ಲಿಗಾಗಿ ನಿಂತಾಗ. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೆ ಅದು ಹೊಸದೇನಲ್ಲ. ಇದ್ದಕ್ಕಿದ್ದಂತೆ ಎದೆ ಒನಕೆಯಲ್ಲಿ ಕುಟ್ಟಿದಂತೆ ಹೊಡೆದುಕೊಳ್ಳತೊಡಗಿತು. ಉಸಿರು ಗಂಟಲಿನಿಂದ ಕೆಳಗಿಳಿಯಲೊಲ್ಲದು. ಬೆರಳ ತುದಿಗಳೂ ತುಟಿಗಳೂ ಜೋಮು ಹಿಡಿದವು. ಪಕ್ಕದವರ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬರು, ‘ಯಾಕ್ರವ್ವ, ಮೊಕ ಎಲ್ಲ ಬೆಳ್ಳಗಾಗೋಯ್ತಲ್ಲ, ಕೂತ್ಕಳಿ ಬನ್ನಿ’ ಎಂದು ತಾವು ಎದ್ದು ಜಾಗ ಕೊಟ್ಟರು. ಸಾಯುತ್ತಿದ್ದೇನೆಂಬ ಬಗ್ಗೆ ನನಗೆ ಆಗ ಅನುಮಾನವೇ ಇರಲಿಲ್ಲ. ಬುಟ್ಟಿಯ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನೇ ನೋಡುತ್ತ, ಮಗಳ ಶಾಲೆಯ ಫೀಸಿನ ರಸೀದಿ ಎಲ್ಲಿದೆಯೆಂದು ಯಜಮಾನರಿಗೆ ಹೇಳಿಲ್ಲವಲ್ಲ ಎಂದು ಯೋಚಿಸಿದ್ದು ನೆನಪಿದೆ. ನಾಗನಹಳ್ಳಿ ತಲುಪುವ ಹೊತ್ತಿಗೆ ಎಲ್ಲವೂ ಇಳಿದು, ಹಿಂಡಿ ಹಾಕಿದ ಬಟ್ಟೆಯಂತಾಗಿದ್ದೆ.

ಅನಂತರದ ತಿಂಗಳುಗಳ ಕಥೆ ಬಹುಮಂದಿಯದು. ಬಂಧುಗಳು ಗ್ಯಾಸ್ಟ್ರಿಕ್ ಎಂದರು. ಅತ್ತೆಯವರು ‘ಯಾರ ಕಣ್ಣು ಬಿತ್ತೋ ಕಾಣೆ ಕಣವ್ವ’ ಎಂದು ನಿಂಬೆಹಣ್ಣು ನಿವಾಳಿಸಿದರು. ಒಂದು ಕ್ಲಿನಿಕ್ಕಿನ ವೈದ್ಯರು ‘ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಎಂದು ಹೇಳಿ ಅಲ್ಪ್ರಜೋಲಮ್ ಬರೆದುಕೊಟ್ಟರು. ಎಷ್ಟು ದಿನ, ಹೇಗೆ ನಿಲ್ಲಿಸಬೇಕು ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನುಂಗಿದ ಅರ್ಧ ಗಂಟೆಯಲ್ಲಿ ಹಾಯೆನಿಸುವ ಆ ಮಾತ್ರೆ ಅಭ್ಯಾಸವಾಗಿಬಿಡುವಂಥದ್ದು ಎಂಬುದು, ಅದಿಲ್ಲದೆ ಮನೆಯಿಂದ ಹೊರಡಲಾರದ ಸ್ಥಿತಿ ಬಂದ ಮೇಲೆ ತಿಳಿಯಿತು. ಬ್ಯಾಗಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಕೂರಲು ಬಾಗಿಲ ಪಕ್ಕದ ಸೀಟು, ಸೇತುವೆ ಬಂದಾಗ ಯಜಮಾನರಿಗೆ ಫೋನು. ನನ್ನ ಜೊತೆ ಓಡಾಡುವ ಪಾಸಿನ ಗೆಳತಿಯರು ಪಾಪ, ಕಾರಣ ಕೇಳದೆ ಆ ಸೀಟಿಗೆ ಕರವಸ್ತ್ರ ಹಾಕಿ ಕಾಯ್ದಿಡುತ್ತಿದ್ದರು. ಕಾಫಿ ಬಿಟ್ಟೆ. ಕೆಲವು ವಾರ ರೈಲನ್ನೂ ಬಿಟ್ಟು ಬಸ್ಸು ಹಿಡಿದೆ. ಮಂಡ್ಯದಿಂದ ಮೈಸೂರಿಗೆ ಹೋಗುವವರು ಯಾವ ದಾರಿ ಹಿಡಿದರೂ ಎಲ್ಲಾದರೂ ಕಾವೇರಿಯನ್ನು ದಾಟಲೇಬೇಕೆಂಬ ಭೂಗೋಳದ ಸಣ್ಣ ಸಂಗತಿ ಗಾಬರಿಯಲ್ಲಿ ನನಗೆ ಹೊಳೆದಿರಲಿಲ್ಲ.

2023ರ ಮಾರ್ಚಿನ ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಐದನೆಯ ಇಸಿಜಿಗೆ ಹೊರಡುವ ಬದಲು 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯಿದ್ದವರು ಉಪದೇಶ ಮಾಡದೆ ಎಲ್ಲವನ್ನೂ ಕೇಳಿಸಿಕೊಂಡು, ಮನೋವೈದ್ಯರನ್ನು ಕಾಣುವಂತೆ ತಿಳಿಸಿದರು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲಿಯೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗಗಳಿವೆಯೆಂಬುದು ನನಗೆ ಗೊತ್ತಿತ್ತು. ಅಲ್ಲಿಗೆ ಹೋಗಬೇಕಾದವಳು ನಾನು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮನೋವೈದ್ಯರು ಇದು ಪ್ಯಾನಿಕ್ ಡಿಸಾರ್ಡರ್, ಇಂಥ ಅಟ್ಯಾಕ್‌ಗಳೂ ಅವು ಮತ್ತೆ ಬಂದಾವೆಂಬ ಭಯವೂ ಬಿಡದೆ ಕಾಡುವ ಕಾಯಿಲೆ ಎಂದರು. ಆತಂಕ, ಖಿನ್ನತೆಗಳಿಗೆ ಕೊಡುವ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆಯನ್ನು 5 ಮಿಲಿಗ್ರಾಂನಿಂದ ಆರಂಭಿಸಿ ಅನಂತರ 10ಕ್ಕೆ ಏರಿಸಿದರು. ಅಲ್ಪ್ರಜೋಲಮನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇರುವುದರಿಂದ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಹೊಸ ಮಾತ್ರೆಯ ಮೊದಲ ಹತ್ತು ದಿನ ತಳಮಳ ಹೆಚ್ಚೇ ಆಗಬಹುದೆಂದು ಮುಂಚಿತವಾಗಿ ಎಚ್ಚರಿಸಿದ್ದರಿಂದ ನಾನು ಅದನ್ನು ಎಸೆಯಲಿಲ್ಲ. ಐದನೆಯ ವಾರಕ್ಕೆ ಮೈ ಸ್ವಲ್ಪ ಹಗುರವಾಯಿತು.

ನಿಜವಾದ ಕೆಲಸ ನಡೆದದ್ದು ಅವರು ಕಳುಹಿಸಿದ ಮನಶ್ಶಾಸ್ತ್ರಜ್ಞೆಯ ಕೋಣೆಯಲ್ಲಿ. ಅವರು ಹಾಳೆಯ ಮೇಲೆ ಒಂದು ವೃತ್ತ ಬರೆದರು: ಎದೆ ಹೊಡೆದುಕೊಳ್ಳುತ್ತದೆ, ಅದನ್ನು ಹೃದಯಾಘಾತವೆಂದು ಓದಿಕೊಳ್ಳುತ್ತೇನೆ, ಹೆದರುತ್ತೇನೆ, ಹೆದರಿದ್ದಕ್ಕೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. 1986ರಲ್ಲಿ ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮುಂದಿಟ್ಟ ವಿವರಣೆಯಿದು ಎಂದರು. ಬೆರಳು ಜೋಮು ಹಿಡಿಯುವುದೇಕೆ ಎಂದು ನಾನು ಕೇಳಿದಾಗ ಅವರು ನಕ್ಕು, ‘ಮೇಡಂ, ಅದನ್ನು ನೀವೇ ನನಗೆ ಹೇಳಬೇಕು’ ಎಂದರು. ಹೌದಲ್ಲ! ಪ್ರಥಮ ಪಿಯುಸಿಯ ಸಮತೋಲನದ ಅಧ್ಯಾಯವನ್ನು ವರ್ಷ ವರ್ಷವೂ ಪಾಠ ಮಾಡುವವಳು ನಾನು. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ರಕ್ತದಲ್ಲಿ ಕಾರ್ಬಾನಿಕ್ ಆಮ್ಲ ಕಡಿಮೆಯಾಗಿ, 7.35ರಿಂದ 7.45ರೊಳಗೆ ಇರಬೇಕಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೇಲೇರುತ್ತದೆ; ಆಗ ಬಿಡಿಯಾಗಿರುವ ಕ್ಯಾಲ್ಸಿಯಂ ಅಯಾನುಗಳು ಪ್ರೋಟೀನಿಗೆ ಹೆಚ್ಚಾಗಿ ಅಂಟಿಕೊಳ್ಳುವುದರಿಂದ ನರಗಳು ಕೆರಳಿ ಜೋಮು ಹಿಡಿಯುತ್ತದೆ; ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ. ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದ ಸಮೀಕರಣ ನನ್ನ ಬೆರಳ ತುದಿಯಲ್ಲೇ ನಡೆಯುತ್ತಿತ್ತು. ಎಚ್ಚರ ತಪ್ಪಿ ಬೀಳುವ ಭಯವೂ ಬಹುಪಾಲು ಹುಸಿಯಾಗಿತ್ತು. ಮೂರ್ಛೆ ಬರಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ.

ತಿಳಿದ ಮಾತ್ರಕ್ಕೆ ಭಯ ಹೋಗಲಿಲ್ಲ. ಆ ಸಂವೇದನೆಗಳನ್ನು ನಾನೇ ಕರೆದು ತಂದುಕೊಳ್ಳಬೇಕಾಯಿತು. ಹೃದಯ, ಉಸಿರಾಟ, ಫಿಟ್ಸ್‌ನ ತೊಂದರೆಯಿರುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನನ್ನ ಮಟ್ಟಿಗೆ ಹಸಿರು ಫೈಲು ಕೊನೆಗೂ ಉಪಯೋಗಕ್ಕೆ ಬಂತು. ಒಂದು ನಿಮಿಷ ಜೋರಾಗಿ ಉಸಿರಾಡುವುದು, ಮೂಗು ಹಿಡಿದು ಎಳನೀರಿನ ಸ್ಟ್ರಾದಲ್ಲಿ ಮಾತ್ರ ಉಸಿರೆಳೆಯುವುದು, ನಡುಮನೆಯಲ್ಲಿ ಬುಗುರಿಯಂತೆ ಸುತ್ತುವುದು. ಯಜಮಾನರು ಗಡಿಯಾರ ಹಿಡಿದು ನಿಂತರೆ ಮಗಳು ಸೋಫಾದ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು. ಪ್ರಯೋಗಕ್ಕೆ ಮೊದಲು ಏನಾಗಬಹುದೆಂದು ಹೆದರಿದ್ದೇನೆ, ಆಮೇಲೆ ಏನಾಯಿತು ಎಂಬ ಎರಡು ಕಾಲಂಗಳನ್ನು ಲ್ಯಾಬ್ ರೆಕಾರ್ಡಿನಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ಕಾಲಂನಲ್ಲಿ ‘ಕುಸಿದು ಬೀಳುತ್ತೇನೆ’ ಎಂದು ಹನ್ನೊಂದು ಸಲ ಬರೆದಿದ್ದೇನೆ. ಎರಡನೆಯದರಲ್ಲಿ ಒಂದು ಸಲವೂ ಇಲ್ಲ.

ಒಂದು ತಪ್ಪನ್ನು ಹೇಳಲೇಬೇಕು. ಪ್ರಾಣಾಯಾಮ ಎಲ್ಲಕ್ಕೂ ಮದ್ದೆಂದು ಮೈಸೂರಿನಲ್ಲಿ ಹೇಳದವರಿಲ್ಲ. ನಾನೂ ನಿಧಾನ ಉಸಿರಾಟ ಕಲಿತು, ಎದೆ ಸ್ವಲ್ಪ ಹೊಡೆದುಕೊಂಡರೂ ಕೂಡಲೇ ಎಣಿಸಿ ಉಸಿರಾಡತೊಡಗಿದೆ. ಅಟ್ಯಾಕ್‌ಗಳು ಕಡಿಮೆಯಾಗಲಿಲ್ಲ. ಬಾಟಲಿ, ಮಾತ್ರೆಗಳ ಜಾಗದಲ್ಲಿ ನಾನು ಉಸಿರಾಟವನ್ನು ಕೂರಿಸಿಕೊಂಡಿದ್ದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ತೋರಿಸಿಕೊಟ್ಟರು: ‘ಉಸಿರು ಎಣಿಸಿದ್ದರಿಂದ ಬದುಕಿದೆ’ ಎಂದು ನಂಬಿದವಳಿಗೆ, ಎಣಿಸದಿದ್ದರೂ ಬದುಕುತ್ತಿದ್ದೆ ಎಂಬುದು ತಿಳಿಯುವುದಾದರೂ ಹೇಗೆ? ಬೆಳಗಿನ ಪ್ರಾಣಾಯಾಮವನ್ನು ಈಗಲೂ ಮಾಡುತ್ತೇನೆ, ಅಟ್ಯಾಕ್ ಬಂದಾಗ ಮಾತ್ರ ಮಾಡುವುದಿಲ್ಲ. ಸುಮ್ಮನೆ ಬಿಟ್ಟರೆ ಅದು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ.

ರೈಲಿನ ಪಾಠ ನಿಧಾನವಾಗಿ ನಡೆಯಿತು. ಮೊದಲು ಫೋನು ಬಿಟ್ಟೆ, ಅನಂತರ ಬಾಟಲಿ, ಬಹಳ ತಡವಾಗಿ ಬ್ಯಾಗಿನಲ್ಲಿದ್ದ ಅಲ್ಪ್ರಜೋಲಮ್ ಮಾತ್ರೆ. ಜುಲೈನಲ್ಲಿ ಒಂದು ದಿನ ಪಾಂಡವಪುರದಲ್ಲೇ ಇಳಿದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅತ್ತು, ಕಾಲೇಜಿಗೆ ರಜೆ ಹೇಳಿ ಮನೆಗೆ ಮರಳಿದೆ. ಮಾರನೆಯ ದಿನ ಅದೇ ರೈಲು ಹತ್ತಬೇಕೆಂಬುದು ಮನಶ್ಶಾಸ್ತ್ರಜ್ಞೆಯೊಂದಿಗಿನ ಒಪ್ಪಂದವಾಗಿತ್ತು. ಹತ್ತಿದೆ; ಸೇತುವೆಯ ಬಳಿ ಅದು ಬಂತು; ಎದುರಿನವರ ಸೀರೆಯಂಚಿನ ಮಾವಿನಕಾಯಿಗಳನ್ನು ನೋಡುತ್ತ ‘ಇನ್ನೂ ಜಾಸ್ತಿಯಾಗು ನೋಡೋಣ’ ಎಂದು ಒಳಗೇ ಹೇಳಿಕೊಂಡೆ. ಶ್ರೀರಂಗಪಟ್ಟಣದಲ್ಲಿ ಇಳಿಯುವವರ ನೂಕುನುಗ್ಗಲಿನ ನಡುವೆ ಅದು ಯಾವಾಗ ಹೋಯಿತೆಂದು ತಿಳಿಯಲಿಲ್ಲ.

ವೈದ್ಯರ ಸಲಹೆಯಂತೆ ಎಸ್ಸಿಟಾಲೊಪ್ರಾಮನ್ನು ಒಂದು ವರ್ಷಕ್ಕೂ ಮಿಕ್ಕಿ ತೆಗೆದುಕೊಂಡು, 2024ರಲ್ಲಿ ಹಂತ ಹಂತವಾಗಿ ನಿಲ್ಲಿಸಿದೆ. ಆಮೇಲೂ ಮೂರು ಬಾರಿ ಅಟ್ಯಾಕ್ ಬಂದಿದೆ, ಒಮ್ಮೆ ತರಗತಿಯಲ್ಲೇ; ಸೀಮೆಸುಣ್ಣ ಕೆಳಗಿಡದೆ ಸಮೀಕರಣ ಮುಗಿಸಿದೆ. ಕಾಫಿ ಮತ್ತೆ ಶುರುವಾಗಿದೆ. ಪಾಸಿನ ಗೆಳತಿಯರು ಈಗಲೂ ಅಭ್ಯಾಸಬಲದಿಂದ ಬಾಗಿಲ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿಡುತ್ತಾರೆ. ಬೇಡವೆಂದರೆ ಬೇಸರಪಟ್ಟಾರೆಂದು, ನಾನು ಬರುವಾಗ ಕೂಸೆತ್ತಿಕೊಂಡವರು ಯಾರಾದರೂ ಕಂಡರೆ ಅವರನ್ನು ಅಲ್ಲಿ ಕೂರಿಸಿ, ಒಳಗೆ ಹೋಗಿ ನಿಲ್ಲುತ್ತೇನೆ.