ಬ್ಯಾಗ್ ಕಟ್ಟುವ ಮೊದಲೇ ಕೆಲಸ: ಊರಲ್ಲಿದ್ದುಕೊಂಡೇ ಐಟಿ ನೌಕರಿ ಹುಡುಕುವುದು ಹೇಗೆ?

ಉತ್ತರ ಕನ್ನಡದಲ್ಲಿ ಬಿಇ, ಬಿಸಿಎ ಮುಗಿಸಿದವರು ಹಿಡಿಯುವ ದಾರಿ ಹೆಚ್ಚಾಗಿ ಒಂದೇ ಥರ. ಫಲಿತಾಂಶ ಬಂದದ್ದೇ ತಡ, ಶಿರಸಿಯಿಂದ ರಾತ್ರಿ ಬಸ್ಸು, ಇಲ್ಲವೇ ಕಾರವಾರ, ಕುಮಟಾದಿಂದ ಪಂಚಗಂಗಾ ರೈಲು. ಬೆಂಗಳೂರಲ್ಲಿ ಪಿಜಿ. ಅದಾದ ಮೇಲೆ ಕೆಲಸದ ಹುಡುಕಾಟ. ತಿಂಗಳುಗಳು ಉರುಳುತ್ತವೆ, ಪಿಜಿ ದುಡ್ಡು ಮನೆಯಿಂದ ಬರುತ್ತಿರುತ್ತದೆ. ಕೊನೆಗೆ ಯಾವ ಕೆಲಸ ಸಿಕ್ಕರೂ ಸೈ ಎನ್ನುವ ಸ್ಥಿತಿ. ಸಂಬಳ ಕೇಳುವ ಧೈರ್ಯವೂ ಉಳಿದಿರುವುದಿಲ್ಲ.

ಇದನ್ನು ತಿರುಗುಮುರುಗು ಮಾಡಬಹುದು. ಮೊದಲ ಸುತ್ತಿನ ಪರೀಕ್ಷೆ, ಫೋನ್ ಮಾತುಕತೆ, ವಿಡಿಯೊ ಸಂದರ್ಶನ ಇವೆಲ್ಲ ಈಗ ಬಹುಪಾಲು ಆನ್‌ಲೈನ್‌ನಲ್ಲೇ ನಡೆಯುತ್ತವೆ. ಸಿದ್ದಾಪುರದ ಮನೆಯಲ್ಲಿ ಕೂತವರಿಗೂ ಇಂದಿರಾನಗರದಲ್ಲಿ ಕೂತವರಿಗೂ ಪ್ರಶ್ನೆಪತ್ರಿಕೆ ಒಂದೇ. ಆದರೆ ದೂರದ ಊರಿನ ರೆಸ್ಯುಮೆ ನೋಡಿದಾಗ ಎಚ್‌ಆರ್ ಮನಸ್ಸಿನಲ್ಲಿ ಒಂದು ಅನುಮಾನ ಏಳುತ್ತದೆ. 'ಇವರು ನಿಜಕ್ಕೂ ಬರ್ತಾರಾ? ಬಂದರೂ ಯಾವಾಗ?' ಈ ಅನುಮಾನವನ್ನು ಅವರು ಕೇಳುವ ಮೊದಲೇ ನೀವು ತೆಗೆದುಹಾಕಬೇಕು. ಊರಿಂದ ಕೆಲಸ ಹುಡುಕುವವರ ಮುಖ್ಯ ಕೆಲಸವೇ ಅದು.

ಯಾವ ಊರು?

'ಎಲ್ಲಿ ಸಿಕ್ಕಿದರೂ ಹೋಗ್ತೇನೆ' ಅನ್ನುವುದು ಸಿದ್ಧತೆ ಅಲ್ಲ. ಒಂದು ಊರು, ಹೆಚ್ಚೆಂದರೆ ಎರಡು ಊರು ಆರಿಸಿಕೊಳ್ಳಿ. ಹೊಸಬರಿಗೆ ಅವಕಾಶ ಜಾಸ್ತಿ ಇರುವುದು ಬೆಂಗಳೂರಿನಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹುಬ್ಬಳ್ಳಿ, ಮಂಗಳೂರನ್ನು ಸುಮ್ನೆ ಬಿಟ್ಟುಬಿಡಬೇಡಿ. ಎರಡೂ ಕಡೆ ಇನ್ಫೊಸಿಸ್ ಕ್ಯಾಂಪಸ್ ಇದೆ, ಸಣ್ಣ ಸಾಫ್ಟ್‌ವೇರ್ ಕಂಪನಿಗಳೂ ಇವೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಭಟ್ಕಳ, ಹೊನ್ನಾವರದವರಿಗೆ ಮಂಗಳೂರು ರೈಲಿನ ದಾರಿ. ಕಾರವಾರದವರು ಗೋವಾ, ಪುಣೆ ಕಡೆಗೂ ನೋಡಬಹುದು. ಕೊಂಕಣಿ, ಮರಾಠಿ ಬರುವವರಿಗೆ ಅಲ್ಲಿ ಹೊಂದಿಕೊಳ್ಳುವುದು ಸುಲಭ.

ರೆಸ್ಯುಮೆಯಲ್ಲಿ ಒಂದು ಸಾಲು

ಬೆಂಗಳೂರಿನ ಮಾವನ ಮನೆ ವಿಳಾಸ ಹಾಕಿ, ಅಲ್ಲೇ ಇದ್ದೇನೆ ಎಂದು ತೋರಿಸಿಕೊಳ್ಳುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. 'ನಾಳೆ ಆಫೀಸಿಗೆ ಬನ್ನಿ' ಅಂದರೆ ಏನು ಮಾಡುತ್ತೀರಿ? ಹೆಸರಿನ ಕೆಳಗೆ ಇದ್ದದ್ದನ್ನೇ ಬರೆಯಿರಿ: 'ಅಂಕೋಲಾ. ಆಫರ್ ಬಂದ 15 ದಿನದೊಳಗೆ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಬಂದು ಸೇರಬಲ್ಲೆ.' ಎಚ್‌ಆರ್ ಕೇಳಬೇಕೆಂದಿದ್ದ ಎರಡೂ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ನೌಕ್ರಿ ಜಾಲತಾಣದಲ್ಲಿ ಈಗಿರುವ ಊರು, ಬಯಸುವ ಊರು ಅಂತ ಬೇರೆ ಬೇರೆ ಜಾಗ ಇರುತ್ತದೆ. ಎರಡನೆಯದರಲ್ಲಿ ನೀವು ಆರಿಸಿದ ಊರನ್ನು ಹಾಕಿ. ಕಂಪನಿಯವರು ಊರಿನ ಹೆಸರು ಕೊಟ್ಟೇ ಸೋಸುತ್ತಾರೆ. ಆ ಜಾಗ ಖಾಲಿ ಬಿಟ್ಟರೆ ನಿಮ್ಮ ಹೆಸರು ಅವರ ಕಣ್ಣಿಗೆ ಬೀಳದೇ ಹೋಗಬಹುದು. ಲಿಂಕ್ಡ್‌ಇನ್‌ನ 'ಓಪನ್ ಟು ವರ್ಕ್' ಭಾಗದಲ್ಲೂ ಊರು ಸೇರಿಸಬಹುದು.

ಹೊಸಬರ ರೆಸ್ಯುಮೆ ಒಂದು ಪುಟ ಮೀರಬಾರದು. ತಂದೆಯ ಹೆಸರು, ಜಾತಿ, ಆಧಾರ್ ಸಂಖ್ಯೆ, 'ಮೇಲ್ಕಂಡದ್ದೆಲ್ಲ ಸತ್ಯ' ಎಂಬ ಘೋಷಣೆ ಯಾವುದೂ ಬೇಡ. ಹಲವು ಕಡೆ ರೆಸ್ಯುಮೆಯನ್ನು ಮೊದಲು ಓದುವುದೇ ತಂತ್ರಾಂಶ. ಚಿತ್ರ, ಪೆಟ್ಟಿಗೆ, ಎರಡೆರಡು ಕಾಲಂ ಇದ್ದರೆ ಅದು ತಪ್ಪು ಓದಬಹುದು. ಸರಳ ಅಕ್ಷರದ ಪಿಡಿಎಫ್ ಸಾಕು.

ಪ್ರಾಜೆಕ್ಟ್‌ನಲ್ಲಿ ನಿಮ್ಮೂರು ಕಾಣಲಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಹೊಸಬರ ರೆಸ್ಯುಮೆಯಲ್ಲಿ ಸಂದರ್ಶನ ಮಾಡುವವರಿಗೆ ಮಾತಾಡಲು ಸಿಗುವುದು ಪ್ರಾಜೆಕ್ಟ್ ಒಂದೇ. ಅಲ್ಲಿ ಎಲ್ಲರದ್ದೂ ಅದೇ ಲೈಬ್ರರಿ ನಿರ್ವಹಣೆ, ಅದೇ 'ಟು-ಡು ಲಿಸ್ಟ್'. ಯೂಟ್ಯೂಬ್ ನೋಡಿ ಮಾಡಿದ್ದು ಅಂತ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ವಿಷಯಕ್ಕೆ ಬರವೇ ಇಲ್ಲ. ಶಿರಸಿ ಮಾರುಕಟ್ಟೆಯ ಅಡಿಕೆ ದರವನ್ನೇ ತೆಗೆದುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು, ಒಂದೊಂದಕ್ಕೂ ಒಂದೊಂದು ದರ. ಮಾರುಕಟ್ಟೆ ದರಗಳು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಸಿಗುತ್ತವೆ. ಅದನ್ನು ದಿನವೂ ತಾನಾಗಿ ಎಳೆದುಕೊಂಡು, ಡೇಟಾಬೇಸ್‌ನಲ್ಲಿಟ್ಟು, ಹೋದ ವರ್ಷದ ಜೊತೆ ಹೋಲಿಸಿ ತೋರಿಸುವ ಪುಟ್ಟ ಆ್ಯಪ್ ಮಾಡಿ. ಒಂದು ದಿನ ದರ ಬಾರದಿದ್ದರೆ ಏನು ಮಾಡಬೇಕು? ಒಂದೇ ಅಡಿಕೆಗೆ ಎರಡು ಕಡೆ ಎರಡು ಕಾಗುಣಿತ ಇದ್ದರೆ? ಇಂಥ ತೊಡಕು ಬಿಡಿಸಿದ್ದನ್ನು ಹೇಳುವಾಗಲೇ ನೀವು ನಿಜವಾಗಿ ಕೆಲಸ ಮಾಡಬಲ್ಲವರು ಎಂದು ಎದುರಿನವರಿಗೆ ತಿಳಿಯುವುದು. ಕರಾವಳಿಯವರಾದರೆ ಮೀನುಗಾರಿಕೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಉಳಿದ ತಿಂಗಳಲ್ಲಿ ಹವಾಮಾನ ಎಚ್ಚರಿಕೆಯನ್ನು ದೋಣಿಯವರಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಸಂದೇಶವಾಗಿ ಕಳಿಸುವ ವ್ಯವಸ್ಥೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಕೋಡ್ ಅನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ತಾಣದಲ್ಲಿಡಿ. ಏನು, ಯಾಕೆ, ಹೇಗೆ ನಡೆಸುವುದು ಎಂದು ಮೊದಲ ಪುಟದಲ್ಲಿ ಬರೆದಿಡಿ.

ರೆಫರಲ್ ಕೇಳಲು ಸಂಕೋಚ ಬೇಡ

ಕಾಲೇಜಿನ ಸೀನಿಯರ್ ಒಬ್ಬರಾದರೂ ಐಟಿಯಲ್ಲಿ ಇದ್ದೇ ಇರುತ್ತಾರೆ. ಹಳಿಯಾಳ, ಭಟ್ಕಳ, ಕಾರವಾರದ ಎಂಜಿನಿಯರಿಂಗ್ ಕಾಲೇಜುಗಳ ಹೆಸರು ಹಾಕಿ ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ, ಅಲ್ಲಿ ಓದಿದವರು ಈಗ ಯಾವ ಕಂಪನಿಯಲ್ಲಿದ್ದಾರೆ ಎಂದು ತೋರಿಸುತ್ತದೆ. ರೆಫರಲ್ ಅಂದರೆ ಕಂಪನಿಯ ಒಳಗಿನ ಉದ್ಯೋಗಿಯೇ ನಿಮ್ಮ ಹೆಸರು ಸೂಚಿಸುವುದು. ಹಾಗೆ ಬಂದ ರೆಸ್ಯುಮೆಯನ್ನು ಓದುವ ಸಾಧ್ಯತೆ ಜಾಸ್ತಿ. ಹಲವು ಕಂಪನಿಗಳು ರೆಫರ್ ಮಾಡಿದವರಿಗೆ ಬಹುಮಾನದ ಹಣವನ್ನೂ ಕೊಡುತ್ತವೆ. ಹಾಗಾಗಿ ನೀವು ಕೇಳುವುದು ಭಿಕ್ಷೆಯಲ್ಲ.

ಆದರೆ 'ಅಣ್ಣ, ಒಂದು ಕೆಲಸ ನೋಡು' ಅಂದರೆ ಅವರಾದರೂ ಏನು ಮಾಡಬೇಕು? ಹೀಗೆ ಬರೆಯಿರಿ:

'ನಮಸ್ತೆ ಅಣ್ಣ, ನಾನು ಕುಮಟಾದವನು, ಕಾಲೇಜಿನಲ್ಲಿ ನಿಮಗಿಂತ ಮೂರು ವರ್ಷ ಚಿಕ್ಕವನು. ನಿಮ್ಮ ಕಂಪನಿಯ ತಾಣದಲ್ಲಿ ಜಾವಾ ಕೆಲಸವೊಂದು ಖಾಲಿ ಇರುವುದು ನೋಡಿದೆ. ಅದರ ಸಂಖ್ಯೆ, ನನ್ನ ರೆಸ್ಯುಮೆ ಎರಡೂ ಇದರ ಜೊತೆಗಿವೆ. ಸರಿ ಅನಿಸಿದರೆ ರೆಫರ್ ಮಾಡ್ತೀರಾ? ಆಗದಿದ್ದರೂ ಅಡ್ಡಿಲ್ಲ. ರೆಸ್ಯುಮೆಯಲ್ಲಿ ಏನು ತಿದ್ದಬೇಕು ಅಂತ ಹೇಳಿದರೂ ಉಪಕಾರವಾಗುತ್ತದೆ.'

ವಾರ ಕಳೆದರೂ ಉತ್ತರ ಇಲ್ಲದಿದ್ದರೆ ಒಮ್ಮೆ ನೆನಪಿಸಿ. ಆಮೇಲೆ ಬಿಟ್ಟುಬಿಡಿ, ಬೇರೆಯವರನ್ನು ಕೇಳಿ. ಟಿಸಿಎಸ್ ಕಂಪನಿಯ ಎನ್‌ಕ್ಯೂಟಿಯಂಥ, ಯಾವ ಕಾಲೇಜಿನವರೂ ಬರೆಯಬಹುದಾದ ನೇಮಕಾತಿ ಪರೀಕ್ಷೆಗಳನ್ನೂ ಜೊತೆಜೊತೆಗೆ ಬರೆಯುತ್ತಿರಿ.

ಮಳೆ, ಕರೆಂಟು, ಕ್ಯಾಮೆರಾ

ಮಲೆನಾಡಿನ ಮಳೆಗಾಲದಲ್ಲಿ ಆನ್‌ಲೈನ್ ಪರೀಕ್ಷೆ ಅಂದರೆ ಓದಿನಷ್ಟೇ ಮುಖ್ಯ ಕರೆಂಟು. ಹೆಸ್ಕಾಂನ 'ವಿದ್ಯುತ್ ವ್ಯತ್ಯಯ' ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ನೋಡಿಕೊಳ್ಳಿ. ಇನ್ವರ್ಟರ್ ಇದ್ದರೆ ಬಲ್ಬು, ಫ್ಯಾನಿನ ಜೊತೆ ವೈಫೈ ರೂಟರಿಗೂ ಅದರಿಂದಲೇ ಲೈನ್ ಕೊಡಿಸಿ. ಇದನ್ನು ಮರೆಯುವವರೇ ಬಹಳ. ಫೈಬರ್ ಕಡಿದರೆ ಅಂತ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಮೊಬೈಲ್ ಪಕ್ಕದಲ್ಲಿರಲಿ. ಮನೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ ಅಂತಾದರೆ ಸಂಕೋಚ ಬಿಟ್ಟು ಪೇಟೆಯ ಅತ್ತೆ ಮನೆಗೋ ದೊಡ್ಡಪ್ಪನ ಮನೆಗೋ ಹಿಂದಿನ ದಿನವೇ ಹೋಗಿ ಉಳಿಯಿರಿ.

ಕ್ಯಾಮೆರಾ ಇಟ್ಟು ನಡೆಸುವ ಪರೀಕ್ಷೆಯಲ್ಲಿ ಹಿಂದೆ ಯಾರಾದರೂ ಓಡಾಡಿದರೂ, ನೀವು ಬೇರೆ ಕಿಟಕಿ ತೆರೆದರೂ ತಂತ್ರಾಂಶ ಗುರುತು ಹಾಕಿಕೊಳ್ಳುತ್ತದೆ. ಜಗಲಿ ಬೇಡ, ಬಾಗಿಲು ಹಾಕುವ ಕೋಣೆ ಬೇಕು. ಆ ಎರಡು ತಾಸು ಒಳಗೆ ಬರಬೇಡಿ ಅಂತ ಆಯಿಗೆ ಮೊದಲೇ ಹೇಳಿಡಿ. ಇಷ್ಟರ ಮೇಲೂ ಸಂಪರ್ಕ ಕಡಿದರೆ ತಕ್ಷಣ ಎಚ್‌ಆರ್‌ಗೆ ಫೋನ್ ಮಾಡಿ. ಅದಕ್ಕೆ ಅವರ ನಂಬರು ಕಾಗದದಲ್ಲಿ ಬರೆದು ಎದುರಿಗಿರಬೇಕು.

ಕೊನೆಯ ಸುತ್ತಿಗೆ ಕೆಲವರು ಆಫೀಸಿಗೇ ಕರೆಯುತ್ತಾರೆ. 'ನಾನು ಶಿರಸಿಯಿಂದ ಬರಬೇಕು, ಉಳಿದ ಸುತ್ತುಗಳನ್ನು ಒಂದೇ ದಿನ ಇಡಬಹುದಾ?' ಎಂದು ನೇರವಾಗಿ ಕೇಳಿ. ಇದಕ್ಕೆ ಬೇಸರ ಮಾಡಿಕೊಳ್ಳುವವರು ಕಡಿಮೆ. ಮಳೆಗಾಲವಾದರೆ ಒಂದು ದಿನ ಮೊದಲೇ ಹೊರಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿದ್ದು ನೆನಪಿದೆ ಅಲ್ವಾ? ಪಂಚಗಂಗಾ ಹೋಗುವ ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟದಲ್ಲೂ ಮಣ್ಣು ಕುಸಿದು ರೈಲು ನಿಲ್ಲುವುದುಂಟು.

ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ

ದೂರದಲ್ಲಿರುವವರನ್ನು ಮೋಸ ಮಾಡುವುದು ಸುಲಭ. ಆಫೀಸು ಹೋಗಿ ನೋಡಲು ಆಗುವುದಿಲ್ಲವಲ್ಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಡಿಪಾಸಿಟ್, ಯಾವ ಹೆಸರಲ್ಲಿ ಕೇಳಿದರೂ ಒಂದು ರೂಪಾಯಿಯೂ ಕೊಡಬೇಡಿ. ಸಂದರ್ಶನವೆಲ್ಲ ವಾಟ್ಸ್‌ಆ್ಯಪ್ ಚಾಟ್‌ನಲ್ಲೇ ಮುಗಿದರೆ, ಆಫರ್ ಜಿಮೇಲ್ ವಿಳಾಸದಿಂದ ಬಂದರೆ ಅನುಮಾನಪಡಿ. ಕಂಪನಿ ನೋಂದಣಿಯಾಗಿದೆಯೇ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ತಾಣದಲ್ಲಿ ಹುಡುಕಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಲಕ್ಷಗಟ್ಟಲೆ ತೆಗೆದುಕೊಂಡು ಸುಳ್ಳು ಅನುಭವ ಪತ್ರ ಮಾಡಿಕೊಡುವವರೂ ಇದ್ದಾರೆ. ಹೊಸ ಕಂಪನಿ ಹಿನ್ನೆಲೆ ಪರಿಶೀಲಿಸುವಾಗ ಪಿಎಫ್ ದಾಖಲೆ ನೋಡುತ್ತದೆ. ಅಲ್ಲಿ ಸುಳ್ಳು ಸಿಕ್ಕಿಬಿದ್ದರೆ ಇದ್ದ ಕೆಲಸವೂ ಹೋಗುತ್ತದೆ. ದಯವಿಟ್ಟು ಆ ಕಡೆ ಹೋಗಬೇಡಿ.

ಆಫರ್ ಪತ್ರ ಬಂದಾಗ

ವರ್ಷಕ್ಕೆ 4.2 ಲಕ್ಷ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 35 ಸಾವಿರ ಕೈಗೆ ಬರುತ್ತದೆ ಅಂತ ಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಅಷ್ಟು ಬರುವುದಿಲ್ಲ. ಒಂದು ಉದಾಹರಣೆ ನೋಡಿ. ಶೇ 10ರಷ್ಟು, ಅಂದರೆ 42 ಸಾವಿರ, ಕೆಲಸದ ಫಲಿತಾಂಶ ನೋಡಿ ವರ್ಷದ ಕೊನೆಗೆ ಕೊಡುವ ಹಣ ಎಂದಿಟ್ಟುಕೊಳ್ಳಿ. ಮೂಲ ವೇತನ ತಿಂಗಳಿಗೆ 15 ಸಾವಿರ ಇದ್ದರೆ ಕಂಪನಿ ಕಟ್ಟುವ ಪಿಎಫ್ ಶೇ 12, ತಿಂಗಳಿಗೆ 1,800 ರೂಪಾಯಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಮೂಲ ವೇತನದ ಶೇ 4.81. ಇವೆರಡನ್ನೂ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಇವನ್ನೆಲ್ಲ ಕಳೆದರೆ ತಿಂಗಳಿಗೆ ಸುಮಾರು 29 ಸಾವಿರ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಸಿಗುವುದು 27 ಸಾವಿರದ ಆಸುಪಾಸು. 'ಕೈಗೆ ಎಷ್ಟು ಬರುತ್ತದೆ?' ಎಂದು ಎಚ್‌ಆರ್‌ಗೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಇದೆಯೇ, ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಓದಿ ನೋಡಿ. ಅಂಕಪಟ್ಟಿಯ ಮೂಲ ಪ್ರತಿ ತೋರಿಸಿ, ಆದರೆ ಅವರಲ್ಲಿ ಬಿಟ್ಟು ಬರಬೇಡಿ. ಊರು ಬದಲಿಸುವ ಖರ್ಚು ಕೊಡುತ್ತಾರಾ ಎಂದೂ ಕೇಳಿ. ಕೆಲವೆಡೆ ಬಸ್ಸಿನ ಟಿಕೆಟ್ಟು, ಮೊದಲ ಕೆಲವು ದಿನದ ವಸತಿ ಸಿಗುತ್ತದೆ, ಕೇಳಿದವರಿಗೆ ಮಾತ್ರ.

ಇನ್ನು ಹೊರಡುವುದು

ಕೆಲಸದ ಜಾಗ ವೈಟ್‌ಫೀಲ್ಡಾ, ಎಲೆಕ್ಟ್ರಾನಿಕ್ ಸಿಟಿಯಾ, ಮಾನ್ಯತಾ ಟೆಕ್ ಪಾರ್ಕಾ ಎಂದು ಖಚಿತ ಮಾಡಿಕೊಳ್ಳಿ. ವೈಟ್‌ಫೀಲ್ಡ್‌ಗೆ ಮೆಟ್ರೊದ ನೇರಳೆ ಮಾರ್ಗ, ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ ಇದೆ. ಆ ಸಾಲಿನಲ್ಲೇ ಪಿಜಿ ಹುಡುಕಿದರೆ ದಿನಕ್ಕೆ ಎರಡು ತಾಸು ಉಳಿಯುತ್ತದೆ. ಫೋಟೊ ನೋಡಿ ಆನ್‌ಲೈನ್‌ನಲ್ಲಿ ಅಡ್ವಾನ್ಸ್ ಕಳಿಸಬೇಡಿ. ಅಲ್ಲೇ ಇರುವ ಊರಿನವರೊಬ್ಬರನ್ನು ಕಳಿಸಿ ನೋಡಿಸಿ. ಬೆಂಗಳೂರಲ್ಲಿ ಬಾಡಿಗೆ ಮನೆಗೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುತ್ತಾರೆ. ಆದ್ದರಿಂದ ಮೊದಲ ಮೂರು ತಿಂಗಳು ಪಿಜಿಯೇ ಸರಿ.

ಸೇರುವ ದಿನವನ್ನು ಆರಿಸಿಕೊಳ್ಳುವ ಅವಕಾಶ ಇದ್ದರೆ ತಿಂಗಳ ಮೊದಲ ವಾರ ಕೇಳಿ. 20ನೇ ತಾರೀಕಿನ ನಂತರ ಸೇರಿದವರಿಗೆ ಹಲವು ಕಂಪನಿಗಳಲ್ಲಿ ಆ ತಿಂಗಳ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು. ಹಾಗಾದರೆ ಮನೆಯಿಂದ ತರಬೇಕಾದ ಖರ್ಚು ಒಂದು ತಿಂಗಳದ್ದಲ್ಲ, ಒಂದೂವರೆ ತಿಂಗಳದ್ದು.