ಎತ್ತರಿಸಿದ ಪಿಕಪ್‌ಗೆ ದೊಡ್ಡ ಟೈರ್: ಕೊಳ್ಳುವ ಮೊದಲು ಕ್ರೌನ್ ಲೆಕ್ಕ ಮಾಡಿ

ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ನವಲಗುಂದ, ಅಣ್ಣಿಗೇರಿ, ರೋಣದ ಕಡೆಯ ಹೊಲದ ದಾರಿಗಳು ಏನಾಗುತ್ತವೆ ಎಂಬುದನ್ನು ಆ ಭಾಗದವರಿಗೆ ವಿವರಿಸಬೇಕಾಗಿಲ್ಲ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡ್ ತುಂಬಿಕೊಂಡು, ಹಿಂದಿನ ಆಕ್ಸಲ್ಲಿನ ನಡುವಿನ ಡಿಫರೆನ್ಷಿಯಲ್ ಹೌಸಿಂಗ್ (ಹಲ್ಲುಚಕ್ರಗಳಿರುವ ಉಬ್ಬಿದ ಪೆಟ್ಟಿಗೆ) ನೆಲಕ್ಕೆ ಉಜ್ಜತೊಡಗಿದ ಮೇಲೆ ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಕಾಯುವುದೊಂದೇ ದಾರಿ. ಹೀಗೆ ಎರಡು ಮೂರು ಸಲ ಸಿಕ್ಕಿಬಿದ್ದ ಪಿಕಪ್ ಮಾಲೀಕರು ಹುಬ್ಬಳ್ಳಿಗೆ ಬಂದು ಮೊದಲು ಗಾಡಿಯನ್ನು ಎತ್ತರಿಸುತ್ತಾರೆ. ಎತ್ತರಿಸಿದ ಮೇಲೆ ಹಳೆಯ ಟೈರ್ ಸಣ್ಣದಾಗಿ ಕಾಣುವುದರಿಂದ ದೊಡ್ಡದನ್ನು ಹಾಕಿಸುತ್ತಾರೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದ ದಿನ ಕ್ರೌನ್-ಪಿನಿಯನ್ (ಆ ಹೌಸಿಂಗಿನೊಳಗೆ ಎಂಜಿನ್ನಿನ ತಿರುಗುವಿಕೆಯನ್ನು ಗಾಲಿಗಳತ್ತ ದಾಟಿಸುವ ದೊಡ್ಡ-ಸಣ್ಣ ಹಲ್ಲುಚಕ್ರಗಳ ಜೋಡಿ; ದೊಡ್ಡದು ಕ್ರೌನ್, ಸಣ್ಣದು ಪಿನಿಯನ್) ಬಗ್ಗೆ ವಿಚಾರಿಸಲು ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಿರುಗುಮುರುಗು. ಸಿಗುವ ಕ್ರೌನ್ ನೋಡಿಕೊಂಡು ಟೈರ್ ಆರಿಸಬೇಕು, ಆ ಟೈರಿಗೆ ಬೇಕಾದಷ್ಟು ಮಾತ್ರ ಗಾಡಿಯನ್ನು ಎತ್ತಬೇಕು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಹಿಂದಿನ ಕಮಾನ್ ಪಟ್ಟಿಗೆ ಒಂದು ಎಲೆ ಹೆಚ್ಚು ಸೇರಿಸಿದರೂ, ಪಟ್ಟಿ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಕೂರಿಸಿದರೂ, ಉದ್ದದ ಶ್ಯಾಕಲ್ (ಪಟ್ಟಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೂ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಕೆಸರಿನಲ್ಲಿ ಸಿಕ್ಕಿಕೊಳ್ಳುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಗಾಲಿಗಳ ನಡುವಿನ ಆಕ್ಸಲ್ಲಿಗೆ ಸೇರಿದ್ದು. ಅದನ್ನು ಎತ್ತಬಲ್ಲದ್ದು ಟೈರ್ ಒಂದೇ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. ಎರಡು ಇಂಚು ಲಿಫ್ಟ್ ಮಾಡಿಸಿ ಅದೇ ಟೈರಿನಲ್ಲಿ ಎರೆ ಹೊಲಕ್ಕೆ ಇಳಿದವನು ಮೊದಲು ಸಿಕ್ಕಿಬಿದ್ದ ಜಾಗದಲ್ಲೇ ಮತ್ತೆ ಸಿಕ್ಕಿಬೀಳುತ್ತಾನೆ.

ಈಗಿರುವುದನ್ನು ಅಳೆಯುವುದು

ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಕಂಪನಿ ನಿಗದಿ ಮಾಡಿದ ಟೈರ್ ಅಳತೆ ಮತ್ತು ಗಾಳಿಯ ಒತ್ತಡ ಇರುತ್ತದೆ. 245/70 ಆರ್ 16 ಎಂದಿದ್ದರೆ ಅಗಲ 245 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ 70, ರಿಮ್ 16 ಇಂಚು ಎಂದರ್ಥ. ಪಕ್ಕೆ ಮೇಲೊಂದು ಕೆಳಗೊಂದು ಬರುವುದರಿಂದ 245ರ ಶೇ 70 ಅನ್ನು ಇಮ್ಮಡಿಸಿದರೆ 343 ಮಿ.ಮೀ.; ಅದಕ್ಕೆ ರಿಮ್ಮಿನ 406 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 749 ಮಿ.ಮೀ., ಅಂದರೆ 29.5 ಇಂಚು. ಇದೇ ಲೆಕ್ಕದಲ್ಲಿ 265/75 ಆರ್ 16 ಟೈರ್ 804 ಮಿ.ಮೀ. ಮತ್ತು 285/75 ಆರ್ 16 ಟೈರ್ 834 ಮಿ.ಮೀ. ಆಗುತ್ತದೆ. ಮೊದಲನೆಯದು ಮೂಲ ಟೈರಿಗಿಂತ ಶೇ 7ರಷ್ಟು ದೊಡ್ಡದು, ಎರಡನೆಯದು ಶೇ 11ರಷ್ಟು. ಹೌಸಿಂಗ್ ಮೇಲೇಳುವುದು ಕ್ರಮವಾಗಿ 27 ಮತ್ತು 42 ಮಿ.ಮೀ. ಅಷ್ಟೇ. ಹಣ ತೆರುವುದು ಇಷ್ಟೇ ಅಂತರಕ್ಕೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು.

ಎರಡನೆಯದಾಗಿ ಹೌಸಿಂಗ್ ಒಳಗೆ ಯಾವ ಕ್ರೌನ್ ಇದೆ ಎಂಬುದು ಗೊತ್ತಾಗಬೇಕು. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಸಿಗುವುದೇ ಅನುಪಾತ: 41 ಹಲ್ಲಿಗೆ 10 ಆದರೆ 4.10, 43ಕ್ಕೆ 10 ಆದರೆ 4.30, 41ಕ್ಕೆ 9 ಆದರೆ 4.56. ಹಳೆಯ ಗಾಡಿ ಕೊಂಡವರು ಕಾಗದವನ್ನಷ್ಟೇ ನಂಬಬಾರದು. ನಾನು ಸೆಕೆಂಡ್ ಹ್ಯಾಂಡ್ ಕೊಂಡ ಪಿಕಪ್ಪಿನ ಪುಸ್ತಕದಲ್ಲಿ 4.30 ಎಂದಿತ್ತು, ಒಳಗಿದ್ದದ್ದು 4.10. ಯಾವುದೋ ಕಾಲದಲ್ಲಿ ಯಾರೋ ಗುಜರಿಯಿಂದ ತಂದ ಹೌಸಿಂಗ್ ಜೋಡಿಸಿದ್ದರು.

ಪತ್ತೆ ಮಾಡಲು ಒಂದು ಸುಣ್ಣದ ಕಡ್ಡಿ ಸಾಕು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಬೇಕು. ಹಿಂದಿನ ಒಂದು ಗಾಲಿಯನ್ನು ಮಾತ್ರ ಜ್ಯಾಕಿನಿಂದ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಬೇಕು. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು. ಎತ್ತಿದ ಟೈರಿನ ಪಕ್ಕೆಗೂ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಬರುವ ಉದ್ದದ ಪ್ರೊಪೆಲ್ಲರ್ ಶಾಫ್ಟಿಗೂ ಒಂದೊಂದು ಗೆರೆ ಎಳೆದು, ಒಬ್ಬರು ಗಾಲಿಯನ್ನು ನಿಧಾನವಾಗಿ 20 ಸುತ್ತು ತಿರುಗಿಸುತ್ತಿರುವಾಗ ಇನ್ನೊಬ್ಬರು ಶಾಫ್ಟಿನ ಸುತ್ತುಗಳನ್ನು ಎಣಿಸಬೇಕು. ಇನ್ನೊಂದು ಗಾಲಿ ನೆಲದ ಮೇಲೆ ನಿಂತಿರುವುದರಿಂದ, ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಗಾಲಿಯ 20 ಸುತ್ತಿಗೆ ಕ್ರೌನ್ 10 ಸುತ್ತು ಮಾತ್ರ ತಿರುಗುತ್ತದೆ. ಶಾಫ್ಟ್ 41 ಸುತ್ತು ಬಂದರೆ 4.10, 43 ಬಂದರೆ 4.30, ನಲವತ್ತೈದೂವರೆ ಬಂದರೆ 4.56. ಒಂದೆರಡು ಸುತ್ತು ಮಾತ್ರ ತಿರುಗಿಸಿ ಅಂದಾಜು ಮಾಡಿದರೆ ಎಣಿಕೆಯಲ್ಲಿ ತಪ್ಪು ಖಚಿತ.

ಲೆಕ್ಕ

ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಆದ್ದರಿಂದ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತು ತಿರುಗುತ್ತದೆ. ಕೇಳಲು ಲಾಭವೆನಿಸಿದರೂ, ನೆಲವನ್ನು ತಳ್ಳುವ ಬಲ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. 4.10 ಕ್ರೌನ್ ಇರುವ ಗಾಡಿಗೆ 265/75 ಟೈರ್ ಹಾಕಿದರೆ, ಎಳೆತದ ಮಟ್ಟಿಗೆ ಅದು ಹಳೆಯ ಟೈರಿನಲ್ಲಿ 3.82 ಕ್ರೌನ್ ಹಾಕಿಕೊಂಡಂತೆ. ಹಳೆಯ ಎಳೆತ ಮರಳಬೇಕಾದರೆ ಹೊಸ ವ್ಯಾಸವನ್ನು ಹಳೆಯ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಈಗಿನ ಅನುಪಾತದಿಂದ ಗುಣಿಸಬೇಕು: 265/75 ಟೈರಿಗೆ 4.40 ಬೇಕು, 285/75 ಟೈರಿಗೆ 4.56 ಬೇಕು.

ಇದನ್ನೇ ರಸ್ತೆಯ ಮೇಲಿಟ್ಟು ನೋಡೋಣ. ಐದನೇ ಗೇರಿನ ಅನುಪಾತ 0.8 ಇರುವ ಒಂದು ಡೀಸೆಲ್ ಪಿಕಪ್ ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಮೂಲ ಟೈರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,860 ಸುತ್ತು ತಿರುಗುತ್ತಿದ್ದರೆ, 265/75 ಟೈರಿನಲ್ಲಿ 1,730ಕ್ಕೂ 285/75 ಟೈರಿನಲ್ಲಿ 1,670ಕ್ಕೂ ಇಳಿಯುತ್ತದೆ. ಟರ್ಬೊ ಚೆನ್ನಾಗಿ ಉಸಿರಾಡುವುದು 1,800ರ ಆಸುಪಾಸಿನಿಂದ ಎಂದಾದರೆ, ಎದುರುಗಾಳಿಗೂ ಸಣ್ಣ ಏರಿಗೂ ಚಾಲಕ ನಾಲ್ಕನೇ ಗೇರಿಗೆ ಇಳಿಯುತ್ತಲೇ ಇರಬೇಕಾಗುತ್ತದೆ, ಉಳಿಯುತ್ತದೆಂದುಕೊಂಡ ಡೀಸೆಲ್ ಉಳಿಯುವುದಿಲ್ಲ.

ಖಾಲಿ ಓಡುವ ಗಾಡಿಗೆ ಇದು ಬರೀ ಕಿರಿಕಿರಿ, ಹೇರು ಹೊತ್ತ ಗಾಡಿಗೆ ಹಾಗಲ್ಲ. ಅಂಕೋಲೆಯಿಂದ ಸರಕು ಹೇರಿಕೊಂಡು ಅರಬೈಲ್ ಘಟ್ಟ ಹತ್ತುವಾಗ ಮೊದಲ ಗೇರಿನಲ್ಲಿ ಗಾಡಿ ಎತ್ತಲು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯಬೇಕಾಗುತ್ತದೆ, ಪ್ಲೇಟ್ ಸುಡುವುದು ಆಗಲೇ. ಅದೇ ಘಟ್ಟ ಇಳಿಯುವಾಗ ಎಂಜಿನ್ ತಡೆಯುವ ಬಲವೂ ಅಷ್ಟೇ ಕುಗ್ಗಿರುತ್ತದೆ. ಬ್ರೇಕಿನ ಡಿಸ್ಕ್ ಮತ್ತು ಡ್ರಮ್ ಹಿಂದಿನವೇ ಇದ್ದು ಗಾಲಿ ಮಾತ್ರ ದೊಡ್ಡದಾಗಿರುವುದರಿಂದ, ಪೆಡಲನ್ನು ಹಿಂದಿನಷ್ಟೇ ಒತ್ತಿದರೆ ಗಾಡಿ ಹಿಂದಿಗಿಂತ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಕ್ರೌನ್ ಬದಲಿಸಿದರೆ ಎಂಜಿನ್ನಿನ ತಡೆ ಮರಳುತ್ತದೆ, ಬ್ರೇಕಿನದು ಮರಳುವುದಿಲ್ಲ.

ನಾನು ಪಾಲಿಸುವ ಅಂದಾಜು ಹೀಗಿದೆ: ವ್ಯಾಸ ಶೇ 4ರೊಳಗೆ ಹೆಚ್ಚಿದರೆ ಕ್ರೌನ್ ಮುಟ್ಟುವುದು ಬೇಡ, ಶೇ 7ರ ಹತ್ತಿರ ಬಂದರೆ ಹೇರು ಹಾಕುವವರು ಬದಲಿಸಬೇಕು, ಖಾಲಿ ಓಡಿಸುವವರು ಸಹಿಸಿಕೊಳ್ಳಬಹುದು, ಶೇ 10 ದಾಟಿದರೆ ಕ್ರೌನ್ ಬದಲಿಸದೆ ಟೈರ್ ಹಾಕಲೇಬಾರದು. ಆದರೆ 4.40 ಬೇಕೆಂದ ಮಾತ್ರಕ್ಕೆ 4.40 ಅಂಗಡಿಯಲ್ಲಿ ಸಿಗುವುದಿಲ್ಲ. ಆಯಾ ಹೌಸಿಂಗಿಗೆ ಕಂಪನಿ ಮಾಡಿರುವ ಒಂದೆರಡು ಅನುಪಾತಗಳಲ್ಲೇ ಆರಿಸಬೇಕು. 4.30 ಮತ್ತು 4.56 ಎರಡೂ ಸಿಗುವುದಾದರೆ ಹೆದ್ದಾರಿ ಓಡಾಟ ಹೆಚ್ಚಿರುವವರಿಗೆ 4.30, ಘಟ್ಟ ಹಾಗೂ ಹೇರಿನ ಕೆಲಸದವರಿಗೆ 4.56 ಸೂಕ್ತ. ಒಂದೂ ಸಿಗದಿದ್ದರೆ ದೊಡ್ಡ ಟೈರಿನ ಆಸೆಯನ್ನು ಅಲ್ಲಿಗೇ ಬಿಟ್ಟು, ಶೇ 3-4 ದೊಡ್ಡದಾದ ಟೈರಿಗೆ ತೃಪ್ತಿಪಡುವುದು ಜಾಣತನ. ಅನುಪಾತ ಹೆಚ್ಚಿದಂತೆ ಪಿನಿಯನ್ ಸಣ್ಣದಾಗುತ್ತ ಹೋಗಿ ಅದರ ಶಕ್ತಿಯೂ ತುಸು ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಗಾಡಿ ಫೋರ್ ವೀಲ್ ಡ್ರೈವ್ ಆಗಿದ್ದರೆ ಖರ್ಚು ಇಮ್ಮಡಿ, ಏಕೆಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡರಲ್ಲೂ ಒಂದೇ ಅನುಪಾತ ಇರಲೇಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮುರಿಯುತ್ತದೆ. ‘ಫೋರ್ ವೀಲ್ ಯಾವಾಗಲೋ ಒಮ್ಮೆ ಹಾಕೋದು, ಏನೂ ಆಗೂದಿಲ್ಲ ಬಿಡ್ರಿ’ ಎನ್ನುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸ್ ತರುವುದು ಲೇಸು.

ಟೈರ್ ಆರಿಸುವಾಗ

ಎರೆ ಮಣ್ಣಿನ ಅಂಟು ಗುಣ ಆಲ್ ಟೆರೇನ್ ಟೈರಿನ ಸಣ್ಣ ಸಂದುಗಳನ್ನು ಬೇಗ ತುಂಬಿಬಿಡುತ್ತದೆ, ತುಂಬಿದ ಮೇಲೆ ಅದು ನುಣುಪಾದ ಟೈರಿಗೆ ಸಮ. ಅಗಲ ಸಂದಿನ ಮಡ್ ಟೆರೇನ್ ಟೈರ್ ತಿರುಗುತ್ತಲೇ ಮಣ್ಣನ್ನು ಕೊಡವಿಕೊಳ್ಳುತ್ತದೆ. ಆದರೆ ಅದು ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ಕೇಳುತ್ತದೆ. ವರ್ಷದಲ್ಲಿ ಕೆಲವೇ ವಾರ ಕೆಸರು, ಉಳಿದಂತೆ ಹೆದ್ದಾರಿ ಎನ್ನುವವರಿಗೆ ಆಲ್ ಟೆರೇನ್ ಸಾಕೆಂದು ನನ್ನ ಎಣಿಕೆ. ಮುಂಡರಗಿ, ಶಿರಹಟ್ಟಿ, ಕಪ್ಪತಗುಡ್ಡದ ಸೆರಗಿನಲ್ಲಿ ಓಡಾಡುವವರಿಗೆ ಕೆಸರಿಗಿಂತ ಕಲ್ಲಿನ ಕಾಟ ಹೆಚ್ಚಾದ್ದರಿಂದ ಗಟ್ಟಿ ಪಕ್ಕೆಯ ಎಲ್‌ಟಿ (ಲೈಟ್ ಟ್ರಕ್) ಟೈರ್ ಒಳ್ಳೆಯದು. ಎಲ್‌ಟಿ ಟೈರ್ ಅದೇ ಭಾರ ಹೊರಲು ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಡುತ್ತದೆ.

ಅಂಗಡಿಯಲ್ಲಿ ಪಕ್ಕೆಯ ಮೇಲಿನ ಭಾರದ ಸೂಚ್ಯಂಕ ಓದಿ: 109 ಎಂದರೆ ಒಂದು ಟೈರಿಗೆ 1,030 ಕಿಲೊ, 112 ಎಂದರೆ 1,120 ಕಿಲೊ. ಇದು ಮೂಲ ಟೈರಿಗಿಂತ ಕಡಿಮೆ ಇರಕೂಡದು. ಐಎಸ್‌ಐ ಗುರುತು ಇರಬೇಕು. ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆ 2324 ಎಂದಿದ್ದರೆ ಅದು 2024ರ 23ನೇ ವಾರದ ಟೈರ್. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು, ಚಾಸಿಯ ಕೆಳಗಿನ ಜಾಗದಲ್ಲಿ ಅದು ಹಿಡಿಸುತ್ತದೆಯೇ ಎಂದು ಮೊದಲೇ ನೋಡಬೇಕು.

ಹಣ ಕೊಡುವ ಮೊದಲು ಕಾನೂನನ್ನೂ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ 182-ಎ ಕಲಮಿನಡಿ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ತಯಾರಕರು ಅದೇ ಮಾದರಿಯ ಬೇರೆ ಬೇರೆ ಆವೃತ್ತಿಗಳಿಗೆ ಕೊಟ್ಟಿರುವ ಅಳತೆಗಳೊಳಗೇ ಟೈರ್ ಆರಿಸಿ, ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ವಿಚಾರಿಸಿಕೊಂಡು ಮುಂದುವರಿಯುವುದು ಸುರಕ್ಷಿತ.

ಎಷ್ಟು ಎತ್ತಬೇಕು

ಲಿಫ್ಟಿನ ಕೆಲಸ ಟೈರಿಗೆ ಜಾಗ ಮಾಡಿಕೊಡುವುದು. ಹೊಸ ಅಳತೆಯ ಟೈರನ್ನು ಒಂದು ಮುಂಗಾಲಿಗೆ ಹಾಕಿ, ಸ್ಟಿಯರಿಂಗನ್ನು ಎಡ ಬಲ ಕೊನೆಯವರೆಗೆ ತಿರುಗಿಸಿ, ಆ ಗಾಲಿಯನ್ನು ದಿಂಡಿನ ಮೇಲೆ ಹತ್ತಿಸಿ ಚಾಸಿ, ಬಂಪರಿನ ಮೂಲೆ, ಮಡ್‌ಗಾರ್ಡಿನ ಒಳಮೈ ತಾಗುತ್ತದೆಯೇ ಎಂದು ನೋಡಿದರೆ ಎಷ್ಟು ಎತ್ತಬೇಕೆಂಬುದು ತಿಳಿಯುತ್ತದೆ. ಅದಕ್ಕಿಂತ ಹೆಚ್ಚು ಎತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟ್ ಕ್ರಾಸ್ ಅದುರತೊಡಗುತ್ತದೆ, ಬ್ರೇಕ್ ಪೈಪು ಬಿಗಿಯುತ್ತದೆ. ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಕೂರಿಸುವುದು ಮಾತ್ರ ಬೇಡವೇ ಬೇಡ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ. ಬೈಪಾಸಿನಲ್ಲಿ ಎದುರಿಗೆ ಬರುವವರ ಕಣ್ಣಿಗೆ ಹೊಡೆಯುವ ಲಿಫ್ಟ್ ಗಾಡಿಗಳು ಈಗಾಗಲೇ ಬೇಕಾದಷ್ಟಿವೆ.

ಕ್ರೌನ್ ಕೂರಿಸುವುದು

ಇದು ಮನೆಯಂಗಳದ ಕೆಲಸವಲ್ಲ. ಆದರೂ ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಕ್ರೌನ್ ಮತ್ತು ಪಿನಿಯನ್ ಒಂದೇ ಜೋಡಿಯಾಗಿ ಉಜ್ಜಿ ತಯಾರಾದವು. ಒಂದರಿಂದ ಕ್ರೌನ್, ಇನ್ನೊಂದರಿಂದ ಪಿನಿಯನ್ ಸೇರಿಸಿದರೆ ಊಳಿಡುವ ಸದ್ದು ತಪ್ಪದು. ಬೇರಿಂಗ್, ಆಯಿಲ್ ಸೀಲ್, ಪಿನಿಯನ್ನಿನ ಕ್ರಷ್ ಸ್ಲೀವ್ (ಬಿಗಿಸಿದಾಗ ಕುಗ್ಗಿ ಬೇರಿಂಗಿನ ಬಿಗಿತ ಹೊಂದಿಸುವ ಕೊಳವೆ) ಹೊಸದಾಗಿರಲಿ. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆದು ಕೈಪಿಡಿಯ ಅಂಕಿಗೆ ಹೊಂದಿಸಬೇಕು. ಕೈಯಲ್ಲಿ ಅಲ್ಲಾಡಿಸಿ ‘ಸರಿ ಐತಿ’ ಎನ್ನುವುದು ಅಳತೆಯಲ್ಲ. ಕೊನೆಗೆ ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿದಾಗ ಒತ್ತಿದ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡಬೇಕು. ಗುರುತು ತುದಿಗೋ ಬುಡಕ್ಕೋ ಸರಿದಿದ್ದರೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಕೂರಿಸಬೇಕು. ಒಳ್ಳೆಯ ಮೇಸ್ತ್ರಿ ಇದನ್ನು ಮೂರು ನಾಲ್ಕು ಸಲವಾದರೂ ಬಿಚ್ಚಿ ಕಟ್ಟುತ್ತಾನೆ, ಅದಕ್ಕೆ ಅವಸರ ಮಾಡಬಾರದು.

ಸ್ಪೀಡೋಮೀಟರ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವೇಗದ ಸಂವೇದಕ ಗೇರ್‌ಬಾಕ್ಸಿನ ಹಿಂಬದಿಯಲ್ಲಿದ್ದರೆ, ಸರಿಯಾದ ಕ್ರೌನ್ ಹಾಕಿದೊಡನೆ ಎಳೆತದ ಜೊತೆಗೆ ಮೀಟರೂ ಸರಿಹೋಗುತ್ತದೆ. ಸಂವೇದಕ ಗಾಲಿಗಳಲ್ಲಿದ್ದರೆ ಕ್ರೌನಿಗೂ ಅದಕ್ಕೂ ಸಂಬಂಧವಿಲ್ಲ. 265/75 ಟೈರಿನಲ್ಲಿ ಮೀಟರ್ 80 ತೋರಿಸುವಾಗ, ಮೂಲ ಟೈರಿನಲ್ಲಿ ಅದು ನಿಖರವಾಗಿತ್ತೆಂದಿಟ್ಟುಕೊಂಡರೆ, ಗಾಡಿ ಸುಮಾರು 86ರಲ್ಲಿ ಓಡುತ್ತಿರುತ್ತದೆ, ಸ್ಕ್ಯಾನರಿನಲ್ಲಿ ಹೊಸ ಅಳತೆ ತುಂಬಿಸಬೇಕು. ಹೆದ್ದಾರಿಯ ಹತ್ತು ಕಿಲೋಮೀಟರ್ ಕಲ್ಲುಗಳ ನಡುವೆ ಓಡಿಸಿ ಮೀಟರಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಹೊಸ ಕ್ರೌನ್ ಕೂರಿಸಿದ ದಿನ 25-30 ಕಿ.ಮೀ. ನಿಧಾನವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಬೇಕು. ಹೀಗೆ ಎರಡು ಮೂರು ಸಲ. ಮೊದಲ 800 ಕಿ.ಮೀ. ಹೇರು ಹಾಕಬಾರದು, ಟ್ರೇಲರ್ ಎಳೆಯಬಾರದು. ನಂತರ ಹೌಸಿಂಗಿನ ಆಯಿಲ್ ಇಳಿಸಿ, ಕೈಪಿಡಿ ಹೇಳುವ ಜಿಎಲ್-5 ದರ್ಜೆಯ ಹೊಸ ಆಯಿಲ್ ತುಂಬಬೇಕು. ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ಬೆರಳಲ್ಲಿ ಒರೆಸಿ ನೋಡಿ: ವಿಭೂತಿಯಂಥ ನುಣ್ಣನೆಯ ಬೂದುಬಣ್ಣದ ಪೇಸ್ಟ್ ಇದ್ದರೆ ಹಲ್ಲುಗಳು ಹೊಂದಿಕೊಂಡಿವೆ. ಮರಳಿನ ಕಾಳಿನಂತೆ ಕೈಗೆ ಚುಚ್ಚಿದರೆ ಹೇರು ಹಾಕದೆ ಗಾಡಿಯನ್ನು ನೇರವಾಗಿ ಅದೇ ಮೇಸ್ತ್ರಿಯ ಬಳಿಗೆ ಒಯ್ಯಿರಿ.