ಊರಲ್ಲಿ ಹಳೇ ಮನೆ ಕೊಳ್ಳುವ ಮುಂಚೆ: ದುಬೈಗೆ ಹೊಸದಾಗಿ ಬಂದ ವಿಜಯಪುರದವರಿಗೆ

ಇಲ್ಲಿಗೆ ಬಂದು ಕೈಯಲ್ಲಿ ನಾಲ್ಕು ಕಾಸು ನಿಂತ ಕೂಡಲೇ ನಮ್ಮ ಕಡೆಯವರಿಗೆ ಊರಿನ ಮನೆ ನೆನಪಾಗುತ್ತದೆ. ದಪ್ಪ ಕಲ್ಲಿನ ಗೋಡೆ, ಸಾಗವಾನಿ ಕಂಬ, ಬೇಸಿಗೆಯಲ್ಲೂ ತಂಪಾದ ಪಡಸಾಲೆ. ಅಂಥದ್ದೊಂದು ಮಾರಾಟಕ್ಕಿದೆ ಅಂತ ಅಣ್ಣನೋ ಮಾವನೋ ಫೋನ್ ಮಾಡುತ್ತಾರೆ. ಕೊಳ್ಳಬೇಡಿ ಅನ್ನುವುದಿಲ್ಲ. ಆ ಮನೆಗಳು ಉಳಿಯಬೇಕು ಅನ್ನುವ ಆಸೆ ನನಗೂ ಇದೆ. ಆದರೆ ಬೆಲೆ ಕೇಳುವ ಮುಂಚೆ ಎರಡು ವಿಷಯ ಕೇಳಿ. ಆ ಮನೆಯಲ್ಲಿ ಎಷ್ಟು ಕೆಲಸ ಮಾಡಲು ಕಾನೂನು ಬಿಡುತ್ತದೆ? ಮತ್ತೆ, ನೀವು ಇಲ್ಲಿರುವಾಗ ಅಲ್ಲಿ ನಿಂತು ಮಾಡಿಸುವವರು ಯಾರು?

ಮೊದಲನೆಯದು ವಿಜಯಪುರದಲ್ಲಿ ಸಣ್ಣ ಮಾತಲ್ಲ. ಗೋಳಗುಮ್ಮಟ, ಬಾರಾಕಮಾನ, ಆಸಾರ ಮಹಲ್, ಜಾಮಿಯಾ ಮಸೀದಿ, ಹೀಗೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ಊರ ತುಂಬ ಇವೆ. 2010ರ ಕಾನೂನು ತಿದ್ದುಪಡಿಯಂತೆ ರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯಾದರೆ ರಿಪೇರಿಗೆ ಅನುಮತಿ ಕೇಳಬಹುದು. ಕೆಡವಿ ಮತ್ತೆ ಕಟ್ಟುವುದನ್ನು ಆ ಕಾನೂನು ರಿಪೇರಿ ಅಂತ ಒಪ್ಪುವುದಿಲ್ಲ. "ಕೊಂಡು, ಕೆಡವಿ, ಎರಡು ಮಹಡಿ ಎತ್ತೋಣ" ಅನ್ನುವ ಲೆಕ್ಕ ಇಲ್ಲೇ ತಪ್ಪುತ್ತದೆ, ಅಲ್ವಾ?

ಹಳೇ ಬಾಗಲಕೋಟೆಯಲ್ಲಿ ನೋಡುತ್ತಿದ್ದರೆ ಚಿಂತೆ ಬೇರೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಆ ಮನೆ ಮುಳುಗಡೆಯ ಭೂಸ್ವಾಧೀನಕ್ಕೆ ಬರುತ್ತದೆಯೇ ಅಂತ ಭೂಸ್ವಾಧೀನ ಕಚೇರಿಯಲ್ಲೇ ವಿಚಾರಿಸಿ.

ಇನ್ನು ಕಟ್ಟಡ. ನಮ್ಮ ಮಾಳಿಗೆ ಮನೆಗಳಲ್ಲಿ ಹಣ ನುಂಗುವುದು ಮಾಳಿಗೆಯೇ, ಅಂದರೆ ಮಣ್ಣು ಹಾಕಿದ ಚಾವಣಿ. ತೊಲೆ, ಅದರ ಮೇಲೆ ಜಂತಿ (ಅಡ್ಡ ಹಾಕಿದ ಸಣ್ಣ ಮರಗಳು), ಅದರ ಮೇಲೆ ಮಣ್ಣು. ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದೇ 5 ಟನ್‌ಗಿಂತ ಜಾಸ್ತಿ ತೂಕ. ತೊಲೆಯ ನಡುಭಾಗ ನೋಡಿ ಸಮಾಧಾನಪಡಬೇಡಿ. ಅದು ಗೋಡೆಯೊಳಗೆ ಹೋಗುವ ತುದಿ ನೋಡಿಸಿ. ಸೋರಿದ ನೀರು ನಿಲ್ಲುವುದು, ಗೆದ್ದಲು ಹತ್ತುವುದು ಜಾಸ್ತಿ ಅಲ್ಲೇ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಇಳಿಯಿತೋ, ಆ ತೊಲೆ ಮುಗಿದಂತೆ. ಮಣ್ಣು ತೆಗೆಯದೆ ಮೇಲೆ ಸುಮ್ನೆ ಕಾಂಕ್ರೀಟ್ ಹಾಕೋಣ ಅನ್ನುವ ಗೌಂಡಿಯನ್ನು (ಗಾರೆ ಕೆಲಸದವನನ್ನು) ದಯವಿಟ್ಟು ಬಿಟ್ಟುಬಿಡಿ. ಕೊಳೆತ ತೊಲೆಗೆ ಇನ್ನಷ್ಟು ಭಾರ ಹೇರಿದರೆ ಕೆಳಗೆ ಮಲಗುವವರ ಜೀವಕ್ಕೇ ಅಪಾಯ.

ಗೋಡೆ ಹೊಟ್ಟೆ ಬಂದಿದೆಯಾ ನೋಡಿ. ಒಳಗೆ ಮಣ್ಣಿನ ಗಾರೆ ಇದ್ದರೆ ಸಿಮೆಂಟ್ ಪ್ಲಾಸ್ಟರ್ ಬೇಡ, ತೇವ ಒಳಗೇ ಉಳಿದುಬಿಡುತ್ತದೆ. ಸುಣ್ಣದ ಗಾರೆಯೇ ಸರಿ. ಮನೆಯ ಕೆಳಗಿನ ಎರೆ ಮಣ್ಣು (ಕಪ್ಪು ಮಣ್ಣು) ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿದ್ದರೆ ತಳಪಾಯ ಸರಿದಿರಬಹುದು. ಅದೇ ಬಿರುಕಿನ ಫೋಟೋವನ್ನು ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ತರಿಸಿಕೊಳ್ಳಿ. ಅಂಗಳದಲ್ಲಿ ಮುಚ್ಚಿದ ಹಗೇವು (ಕಾಳು ಇಡುತ್ತಿದ್ದ ನೆಲದೊಳಗಿನ ಗುಂಡಿ) ಇದೆಯಾ ಅಂತ ಮನೆಯ ಹಿರಿಯರನ್ನು ಕೇಳಿ. ಸರಿಯಾಗಿ ತುಂಬಿಸದಿದ್ದರೆ ಮುಂದೆ ನೆಲ ಕುಸಿಯುತ್ತದೆ.

ಇಷ್ಟನ್ನು ಮಾರುವವರ ಗೌಂಡಿ ಹೇಳಿದರೆ ಸಾಲದು. ನಿಮ್ಮ ಖರ್ಚಲ್ಲೇ ಒಬ್ಬ ಸಿವಿಲ್ ಎಂಜಿನಿಯರನ್ನು ಕಳಿಸಿ. ಅವರು ಕೊಟ್ಟ ಅಂದಾಜಿನ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ. ಮಾಳಿಗೆ ಬಿಚ್ಚುವವರೆಗೆ ಒಳಗಿನದು ಯಾರಿಗೂ ಪೂರ್ತಿ ಗೊತ್ತಾಗುವುದಿಲ್ಲ.

ಕಾಗದದಲ್ಲಿ ಸಿಟಿ ಸರ್ವೆ ಉತಾರ (ಸರ್ವೆ ದಾಖಲೆಯ ನಕಲು), ಇ-ಖಾತೆ, ಋಣಭಾರ ಪ್ರಮಾಣಪತ್ರ ಬೇಕೇ ಬೇಕು. ಹಳೇ ಮನೆ ಅಂದರೆ ವಾಟ್ನಿ (ಪಾಲು ವಿಂಗಡಣೆ) ಆಗದ ಆಸ್ತಿಯೇ ಜಾಸ್ತಿ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಸಹಿಯನ್ನೂ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬಗಳಲ್ಲಿ ಅವರಿಗೂ ಸಮಪಾಲು ಇದೆ.

ನೀವು ಹೋಗಲಾಗದಿದ್ದರೆ ಅಧಿಕಾರ ಪತ್ರವನ್ನು ಇಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಯಾವ ಕೆಲಸಕ್ಕೆ ಅಧಿಕಾರ ಅಂತ ಬಿಡಿಸಿ ಬರೆಸಿ. ಅಣ್ಣನೇ ಆದರೂ ಎಲ್ಲದಕ್ಕೂ ಬರೆದುಕೊಡಬೇಡಿ.

ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಹಂತ ಹಂತವಾಗಿ ಹೋಗಲಿ. ಮೊದಲ ಕಂತು ಮಾಳಿಗೆಗೆ. ನಮ್ಮ ಕಡೆ ಸೆಪ್ಟೆಂಬರಿನಲ್ಲೇ ಮಳೆ ಜಾಸ್ತಿ. ಆ ಮಳೆಯಲ್ಲಿ ಮಾಳಿಗೆ ಸೋರಲಿಲ್ಲ ಅಂತ ವಿಡಿಯೋದಲ್ಲಿ ನೋಡುವವರೆಗೆ ಟೈಲ್ಸಿಗೂ ಬಣ್ಣಕ್ಕೂ ಒಂದು ದಿರ್ಹಮ್ ಕಳಿಸಬೇಡಿ.